ಮಸ್ಕಿಗೆ ಮುಟ್ಟದ ಹುಕುಂ

ಕಂಪ್ಯೂಟರಿನ ಕ್ಷೇಮಸಮಾಚಾರ ಕೇಳಿ, ಅದು ಉತ್ತರ ಕೊಡುವವರೆಗೂ ಕಾಯುವ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ! ನಮ್ಮ ಸಹಕಾರ ಸಂಘದ ಸಿಂಧನೂರು ಕಚೇರಿಯಲ್ಲಿ ಕೂತು ಲಿಂಗಸುಗೂರು, ಮಸ್ಕಿ ಶಾಖೆಗಳ ಕಂಪ್ಯೂಟರುಗಳನ್ನೂ ಸಾಕುವವರು ಅವರು. ನಾವೆಲ್ಲ ಭಾಯ್ ಎನ್ನುತ್ತೇವೆ.

ಪಾಸ್‌ವರ್ಡ್ ಎಷ್ಟುದ್ದ ಇರಬೇಕು, ಪೆನ್‌ಡ್ರೈವ್ ಹಾಕಬಹುದೋ ಬಾರದೋ, ಇಂಥ ನಿಯಮಗಳನ್ನು ಅವರು ಸಿಂಧನೂರಿನಲ್ಲಿ ಒಮ್ಮೆ ಬರೆದರೆ ಸಾಕು, ಎಲ್ಲ ಕಂಪ್ಯೂಟರುಗಳಿಗೂ ತಾವಾಗಿ ಹೋಗಿ ಸೇರಬೇಕು. ಅದಕ್ಕೆ ಪಾಲಿಸಿ ಎಂದು ಹೆಸರಂತೆ. ಮೊದಲ ಸಲ ಮಸ್ಕಿಗೆ ಫೋನ್ ಮಾಡಿ, "ನಿಮಗ ಪಾಲಿಸಿ ಮುಟ್ಟಿಲ್ಲೇನ್ರಿ?" ಎಂದಾಗ ನಮ್ಮ ಮ್ಯಾನೇಜರು, "ಯಪ್ಪಾ, ಬ್ಯಾಡ್ರಿ! ನನ್ನ ಹೆಸರಿಗೆ ಒಂದು, ಹೆಂಡ್ತಿ ಹೆಸರಿಗೆ ಒಂದು ಮಾಡಿಸೀನಿ" ಎಂದು ಫೋನಿಟ್ಟುಬಿಟ್ಟರು. ಅಂದಿನಿಂದ ಭಾಯ್ ಬಾಯಲ್ಲಿ ಅದು ಹುಕುಂ.

ಕಳೆದ ತಿಂಗಳು ಹೊಸ ಹುಕುಂ ಹೊರಟಿತು. ಶನಿವಾರದೊಳಗೆ ಅದು ಮುಟ್ಟದ ಕಂಪ್ಯೂಟರಿನ ಸಂಪರ್ಕ ಕಡಿತ! ಮಸ್ಕಿಯಲ್ಲಿರುವುದು ಒಂದೇ ಕಂಪ್ಯೂಟರ್, ಅದರ ಮುಂದೆ ಕೂರುವವಳು ನಾನು. ಅದು ನಿಂತರೆ ನನ್ನನ್ನು ಲಿಂಗಸುಗೂರಿಗೆ ಹಾಕುತ್ತಾರೆ. ಅಲ್ಲಿಂದ ಬಳಗಾನೂರಿನ ಮನೆ ಸೇರುವಾಗ ಎಂಟಾಗುತ್ತದೆ. ಏಳಕ್ಕೆ ಅತ್ತೆಯವರಿಗೆ ಸಕ್ಕರೆ ಕಾಯಿಲೆಯ ಸೂಜಿ ಹಾಕುವವರು ಯಾರು? ಬೇರೆಯವರು ಸೂಜಿ ಹಿಡಿದರೆ ಅವರು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ!

ಬುಧವಾರ ಭಾಯ್ ಲಿಂಗಸುಗೂರಿಗೆ ಹೋಗಿದ್ದರು. ಅಲ್ಲಿಯೂ ಹುಕುಂ ಮುಟ್ಟಿರಲಿಲ್ಲ. "ದಿನಾ ಬಂದ್ ಮಾಡ್ತೀರೇನ್ರಿ?" ಎಂದು ಕೇಳಿದರೆ ಅಲ್ಲಿನ ಗುಮಾಸ್ತರು, "ಬಂದ್ ಮಾಡಿ, ಕೈ ಮುಗುದಽ ಹೋಗ್ತೀನ್ರಿ" ಎಂದು ಪರದೆಯ ಗುಂಡಿ ಒತ್ತಿ, ಕೈ ಮುಗಿದೂ ತೋರಿಸಿದರಂತೆ. ಕೆಳಗಿನ ಡಬ್ಬಿ ಗುರ್ರೆನ್ನುತ್ತಲೇ ಇತ್ತು! ಅದನ್ನು ನಿಜವಾಗಿ ಆರಿಸಿ ಎಬ್ಬಿಸಿದ್ದೇ ತಡ, ಹುಕುಂ ಮುಟ್ಟಿತು.

ನಮ್ಮದು ಅಷ್ಟಕ್ಕೆಲ್ಲ ಬಗ್ಗಲಿಲ್ಲ. ಗುರುವಾರ ಬಂದವರು ವೈರು ಬದಲಿಸಿದರು, ಪಟ್ಟಿಯಲ್ಲಿ ಕಂಪ್ಯೂಟರಿನ ಹೆಸರು ಹುಡುಕಿದರು, ಒಂಬತ್ತು ಸಲ ಆರಿಸಿ ಎಬ್ಬಿಸಿದರು. ಊಹೂಂ! "ಇದಕ್ಕ ಹುಕುಂ ಮುಟ್ಟೋತನಕ ನನಗ ಚಾ ಹರಾಂ!" ಎಂದು ಘೋಷಿಸಿದರು. ದಿನಕ್ಕೆ ಹನ್ನೆರಡು ಕಪ್ಪಿನ ಮನುಷ್ಯ!

ಶುಕ್ರವಾರ ಮತ್ತೆ ಹಾಜರು. ಪರದೆಗೆ ಮುಖ ಹಚ್ಚಿ, "ಯಾಕವ್ವಾ, ಏನ್ ಸಿಟ್ಟು ನಿಂದು?" ಎಂದರು.

"ಅದು ಹೇಳ್ತೈತೇನ್ರಿ ಭಾಯ್?"

"ಹೇಳ್ತೈತಿ ಅಕ್ಕಾರ. ಕೇಳೋರಿಗೆ ಸಬರ್ ಇರಬೇಕು, ತಾಳ್ಮಿ."

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಐದೂವರೆ ಕಂಡು, "ಅರೇ, ನಿಮ್ಮ ಬಸ್ಸಿನ ಟೈಮ್ ಆತಲ್ರಿ!" ಎಂದರು.

ನಾನು ಫೈಲಿನಿಂದ ತಲೆ ಎತ್ತದೆ, "ಇನ್ನಾ ಇಪ್ಪತ್ತು ನಿಮಿಷ ಐತ್ರಿ. ಬಸ್ ತಪ್ಪಬಾರ್ದಂತ ನಾನಽ ಇದರ ಗಡಿಯಾರ ಮುಂದ ಇಟ್ಟೀನಿ. ಅದು ತಾನಾಗಿ ಸರಿ ಆಗೋದನ್ನೂ ನಿಲ್ಲಿಸೀನಿ" ಎಂದೆ.

ತಿರುಗಿ ನೋಡಿದರೆ ಭಾಯ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದರು.

"ಅಕ್ಕಾರ! ಸಿಂಧನೂರಿನ ಗಡಿಯಾರಕ್ಕೂ ಇದಕ್ಕೂ ತಾಳೆ ಆಗಬೇಕ್ರಿ. ಇಲ್ಲಂದ್ರ ಇವ್ರು ನಮ್ಮವರಽ ಅಲ್ಲ ಅಂತ ಅಲ್ಲಿನ ಕಂಪ್ಯೂಟರ್ ಬಾಗಿಲಽ ತೆಗಿಯಂಗಿಲ್ಲ, ಹುಕುಂ ಕೊಡಂಗಿಲ್ಲ. ಎರಡು ದಿನ ನನ್ನ ಚಾ ಬಿಡಿಸೀರಲ್ಲ!"

ನಾಚಿಕೆಯಿಂದ ಸೂಜಿಯ ಕಥೆ ಹೇಳಿದೆ. ಕೆಲಸದಲ್ಲಿ ಮುಳುಗಿದರೆ ನನಗೆ ಹೊತ್ತೇ ತಿಳಿಯುವುದಿಲ್ಲ, ಅದನ್ನೂ ಹೇಳಿದೆ. ಅವರು ಗಡಿಯಾರ ಸರಿಮಾಡಿದರು. ಹುಕುಂ ಮುಟ್ಟಿತು. ಒಟ್ಟಿಗೆ ಮೂರು ಕಪ್ ಚಹಾ ಕುಡಿದು ಹೋದರು.

ಸೋಮವಾರ ಸಂಜೆ ಐದೂ ಹತ್ತಕ್ಕೆ ನನ್ನ ಪರದೆಯ ನಡುವೆ ಒಂದು ಚೌಕಟ್ಟು ಮೂಡಿತು: "ಅಕ್ಕಾರ, ಅತ್ತಿಯವ್ರು ದಾರಿ ನೋಡಾಕತ್ತಾರ. ಏಳ್ರಿ."

ಗಾಬರಿಯಾಗಿ ಫೋನ್ ಮಾಡಿದೆ. "ಭಾಯ್, ಇದು ಎಲ್ಲಾ ಶಾಖೆಗೂ ಹೋಗೈತೇನ್ರಿ?"

"ಇಲ್ರಿ. ನಿಮ್ಮದೊಂದಕ್ಕ ಬರ್ದೀನಿ." ಆಮೇಲೆ ದನಿ ತಗ್ಗಿಸಿದರು. "ನಮ್ಮ ಅಮ್ಮೀಗೆ ಸೂಜಿ ನಾನಽ ಹಾಕ್ತಿದ್ದೆ. ಒಂದು ದಿನ ಕೆಲಸದಾಗ ಕುಂತು ಮರ್ತೆ... ಹೊಂಡ್ರಿ ಅಕ್ಕಾರ, ಬಸ್ ಬರೋ ಹೊತ್ತಾತು."