ಸೋಲೇ ಇಲ್ಲದ ಅಭ್ಯರ್ಥಿ

ಯಶವಂತನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಕೊರತೆ. ಅವನು ಯಾವುದರಲ್ಲೂ ಸೋತಿರಲಿಲ್ಲ.

ಈ ಘೋರ ಸತ್ಯ ಬಯಲಾದದ್ದು ಗುರುಗ್ರಾಮದಲ್ಲಿ, ಸ್ಫೂರ್ತಿ ಮೇಡಂ ಅವರ ಗಾಜಿನ ಕಚೇರಿಯಲ್ಲಿ. ದಾವಣಗೆರೆಯಿಂದ ಬಂದು ದೆಹಲಿಯಲ್ಲೇ ಬೇರೂರಿದ ಮೇಡಂಗೆ ಎಂಬಿಎ ಆಕಾಂಕ್ಷಿಗಳನ್ನು ವಿದೇಶಕ್ಕೆ ದಾಟಿಸುವುದೇ ಉದ್ಯೋಗ. (ಕೆಲವರು ದಾಟುತ್ತಿದ್ದರು. ಉಳಿದವರು ಮುಂದಿನ ವರ್ಷ ಮತ್ತೆ ಬರುತ್ತಿದ್ದರು.)

"ಗಂಡಸು, ಇಂಡಿಯನ್, ಇಂಜಿನಿಯರ್, ಐಟಿ. ನಿಮ್ಮಂಥೋರ ಕ್ಯೂ ಎಷ್ಟುದ್ದ ಇದೆ ಗೊತ್ತಾ?" ಎಂದರು ಮೇಡಂ, ರೋಗಿಗೆ ಕೆಟ್ಟ ಸುದ್ದಿ ಹೇಳುವ ಧಾಟಿಯಲ್ಲಿ.

"ನಮ್ಮ ವಂಶದಲ್ಲೇ ಮೊದಲನೇ ಪದವೀಧರ ನಾನು, ಮೇಡಂ. ಎಮ್ಮೆ ಮೇಯಿಸ್ಕೊಂಡು ಓದಿದೆ."

"ಅಯ್ಯೋ, ಈ ವರ್ಷ ಎಮ್ಮೆಗಳ ದೊಡ್ಡ ಹಿಂಡೇ ಬಂದಿದೆ! ಅಚ್ಛಾ, ಅರ್ಜಿ ಜೊತೆ ಸೋಲಿನ ಬಗ್ಗೆ ಪ್ರಬಂಧ ಬರೀಬೇಕು. ಏನಾದ್ರೂ ಸೋತಿದೀರಾ?"

"ಇಲ್ಲ ಮೇಡಂ. ಒಂದನೇ ಕ್ಲಾಸಿಂದ್ಲೂ ನಾನೇ ಫಸ್ಟು."

"ಛೇ ಛೇ," ಎಂದು ಮೇಡಂ ಅನುಕಂಪದಿಂದ ನೀರಿನ ಲೋಟ ಸರಿಸಿದರು.

ಊರಿನಲ್ಲಿ ಅಪ್ಪ ಕೆಂಪಣ್ಣ, ಮಗನಿಗೆ ಫಾರಿನ್ನಿನ ಸೀಟು ಸಿಕ್ಕೇಬಿಟ್ಟಿತೆಂದು ಡೈರಿಗೆ ಹಾಲು ಹಾಕಲು ಬರುವವರಿಗೆಲ್ಲ ಆಗಲೇ ಸಾರಿಯಾಗಿತ್ತು. ಈಗ ಸೋಲದೆ ಗತಿಯಿರಲಿಲ್ಲ.

"ಹೋದ ವರ್ಷ ಗೀಸರ್ ರಿಪೇರಿ ಮಾಡಿದ್ರಲ್ಲಾ, ಅದನ್ನೇ ಬರೀರಿ," ಎಂದಳು ಗುರುಗ್ರಾಮದ ಫ್ಲ್ಯಾಟಿನಲ್ಲಿ ಹೆಂಡತಿ ಹಂಸಿನಿ.

"ಅದು ಅಪಘಾತ ಕಣೇ. ಕಾಲೇಜಿನೋರಿಗೆ ಬೇಕಾಗಿರೋದು ಪಾಠ ಕಲಿಸೋ ಸೋಲು."

"ಹಾಗಾದ್ರೆ ನನ್ನ ಮದುವೆಯಾಗಿದ್ದು ಬರೀರಿ. ದಿನಾ ಪಾಠ ಕಲೀತಾನೇ ಇದೀರಲ್ಲ!"

ಯಶವಂತ ಯಾವುದನ್ನೂ ಅರೆಮನಸ್ಸಿನಿಂದ ಮಾಡುವವನಲ್ಲ. ಸೋಲಿಗೂ ಪರೀಕ್ಷೆಗೆ ಓದಿದಷ್ಟೇ ಶ್ರದ್ಧೆಯಿಂದ ಯೋಜನೆ ಹಾಕಿದ. ಭಾನುವಾರ ಅಪಾರ್ಟ್‌ಮೆಂಟ್ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಮುದ್ದೆ-ಬಸ್ಸಾರಿನ ಅಂಗಡಿ! ಪರಾಠಾ ತಿಂದು ಬೆಳೆದ ಜನ ಆ ಕಂದು ಉಂಡೆಯನ್ನು ಮುಟ್ಟಿಯೂ ನೋಡುವುದಿಲ್ಲ. ಸೋಲು ಖಚಿತ. ಆದರೂ ಒಂದು ಮುನ್ನೆಚ್ಚರಿಕೆ ಇರಲೆಂದು ಹೆಂಡತಿಯ ಬಳಿ ಮೆಲ್ಲಗೆ ಹೇಳಿದ: "ಹಂಸಿ, ಮುದ್ದೇಲಿ ಸ್ವಲ್ಪ ಗಂಟು ಉಳಿಸು."

ಹಂಸಿನಿ ಮುದ್ದೆಕೋಲು ಕೆಳಗಿಟ್ಟಳು. "ರೀ, ನಾನು ಮಂಡ್ಯದೋಳು. ಡೈವೋರ್ಸ್ ಬೇಕಾದ್ರೆ ಕೊಡ್ತೀನಿ. ಗಂಟು ಮಾತ್ರ ಉಳಿಸಲ್ಲ."

ಭಾನುವಾರ ಆರಂಭವೇನೋ ಭರವಸೆ ಹುಟ್ಟಿಸುವಂತಿತ್ತು. ಮೊದಲ ಗಿರಾಕಿ ಚಡ್ಡಾ ಅಂಕಲ್ ಮುದ್ದೆಯನ್ನು ಪರಾಠಾದಂತೆ ಅಗಿದರು. ಮುದ್ದೆ ಹಲ್ಲಿಗೆ ಮೆತ್ತಿಕೊಂಡು ಅವರ ಮಾತೇ ನಿಂತುಹೋಯಿತು. (ಸೊಸೈಟಿಯ ಯಾವ ಮೀಟಿಂಗಿನಲ್ಲೂ ಸಾಧ್ಯವಾಗದಿದ್ದ ಪವಾಡವಿದು.) ಯಶವಂತ ಮನಸ್ಸಿನಲ್ಲೇ ಪ್ರಬಂಧದ ಮೊದಲ ಸಾಲು ಬರೆದುಕೊಂಡ.

ಅಷ್ಟರಲ್ಲಿ ಹಂಸಿನಿ ಸೆರಗು ಸಿಕ್ಕಿಸಿ ಮುಂದೆ ಬಂದಳು. "ಚಬಾನಾ ಮತ್, ಅಂಕಲ್‌ಜೀ! ಸೀಧಾ ನಿಗಲ್ ಜಾಯಿಯೇ!" ಎನ್ನುತ್ತ ಒಂದು ತುತ್ತು ಮುರಿದು, ಬಸ್ಸಾರಿನಲ್ಲಿ ಅದ್ದಿ, ಅಗಿಯದೆ ಗುಳುಕ್ಕನೆ ನುಂಗಿ ತೋರಿಸಿದಳು. ಜನ ಚಪ್ಪಾಳೆ ತಟ್ಟಿದರು. ಅಂಕಲ್ ನುಂಗಿದರು, ಆಂಟಿ ನುಂಗಿದರು, ಗ್ಲುಟೆನ್ ಇಲ್ಲವೆಂದು ತಿಳಿದು ಜಿಮ್ಮಿನವರೆಲ್ಲ ಓಡಿಬಂದು ನುಂಗಿದರು. ಮುಂದಿನ ವಾರ ಸಾಲು ಲಿಫ್ಟಿನವರೆಗೆ ಬೆಳೆಯಿತು. ತಿಂಗಳೊಪ್ಪತ್ತಿನಲ್ಲಿ ಆಫೀಸುಗಳಿಂದ ಆರ್ಡರ್ ಬಂದವು. ಹಂಸಿನಿ ಅಕ್ಕಪಕ್ಕದ ಹೆಂಗಸರನ್ನು ಸೇರಿಸಿಕೊಂಡು ಎರಡನೇ ಅಡುಗೆಮನೆ ತೆರೆದಳು. ಇತ್ತ ಕಂಪನಿಯ ಸೀನಿಯರ್ ಮ್ಯಾನೇಜರ್ ಯಶವಂತ ಪ್ರತಿ ಭಾನುವಾರ ತಳ ಹಿಡಿದ ಹಂಡೆ ತಿಕ್ಕತೊಡಗಿದ.

"ಸೋಲೋಕೂ ಆಗ್ಲಿಲ್ಲ, ಮೇಡಂ," ಎಂದು ಮತ್ತೆ ಗಾಜಿನ ಕಚೇರಿಗೆ ಹೋಗಿ ಗೋಳಾಡಿದ.

ಮೇಡಂ ಕಣ್ಣರಳಿಸಿದರು. "ಒಂದ್ನಿಮಿಷ. ಇದನ್ನೆಲ್ಲ ನಡೆಸ್ತಿರೋದು ಯಾರು?"

"ನನ್ನ ಹೆಂಡ್ತಿ. ಬರೀ ಹೋಮ್ ಸೈನ್ಸ್ ಓದಿರೋದು, ಪಾಪ."

"ಚಲೋ, ನಾಳೇನೇ ಅವ್ರನ್ನ ಕರ್ಕೊಂಡ್ಬನ್ನಿ!"

ಚಳಿ ಕಳೆದು ಇಬ್ಬರ ಅರ್ಜಿಗೂ ಫಲಿತಾಂಶ ಬಂತು. ಯಶವಂತನಿಗೆ ಕಾಲೇಜು ಬಹಳ ವಿನಯದಿಂದ ಬೇಡವೆಂದಿತ್ತು. ಹಂಸಿನಿಯನ್ನು ವಿದ್ಯಾರ್ಥಿವೇತನದ ಸಮೇತ ಕರೆದಿತ್ತು.

ಮೇಡಂ ಫೋನ್ ಮಾಡಿ ಸಂತೈಸಿದರು: "ನೀವೂ ಹೋಗೋದು ಪಕ್ಕಾ, ಯಶವಂತ್. ಓದೋ ಹೆಂಡ್ತಿ ಜೊತೆ ಹೋಗೋ ಗಂಡ. ಆ ವೀಸಾಗೆ ಪ್ರಬಂಧ ಕೇಳಲ್ಲ."

ಯಶವಂತ ಅಡುಗೆಮನೆಗೆ ಬಂದ. ಅವನಿಗೆ ಒಂದೇ ಒಂದು ಸಂಶಯ ಉಳಿದಿತ್ತು.

"ಅಲ್ಲ ಕಣೇ, ಶುರು ಮಾಡಿದ ದಿನದಿಂದ ಎಲ್ಲದರಲ್ಲೂ ಗೆದ್ದೋಳು ನೀನು. ಸೋಲಿನ ಪ್ರಬಂಧದಲ್ಲಿ ಏನು ಬರೆದೆ?"

ಹಂಸಿನಿ ಒದ್ದೆ ಕೈಯಲ್ಲಿ ಮುದ್ದೆ ಉರುಳಿಸುತ್ತಲೇ, ಅವನು ಬೆಳಿಗ್ಗೆ ಕಷ್ಟಪಟ್ಟು ಮುದ್ದೆ ತಿರುವಿಟ್ಟಿದ್ದ ಪಾತ್ರೆಯತ್ತ ಗದ್ದ ಆಡಿಸಿ ತೋರಿಸಿದಳು. ಅದರ ತುಂಬ ಗೋಲಿಯಂಥ ಗಂಟುಗಳು.

"ನಿಮಗೆ ಮುದ್ದೆ ಮಾಡೋದು ಕಲಿಸೋಕೆ ಹೋಗಿದ್ದು ಬರೆದೆ ಕಣ್ರೀ. ಇಂಟರ್‌ವ್ಯೂನಲ್ಲಿ ಕಾಲೇಜಿನೋರು ಕಣ್ಣೀರು ಒರೆಸ್ಕೊಂಡ್ರು."