ಅರ್ಧಕ್ಕಿಳಿಸಲು ಕಸವಿಲ್ಲದ ಮನೆಯಿಂದ

ಮಾನ್ಯರೇ,

ನಗರಸಭೆಯ ಮನೆಗಸ ಇಳಿಕೆ ಯೋಜನೆಯ ಮುಖ್ಯಾಧಿಕಾರಿಗಳಾದ ತಮ್ಮ ಪಾದಗಳಿಗೆ, ಅವು ನಮ್ಮ ಪಟಮಟದ ಬೀದಿಯನ್ನು ಇನ್ನೂ ತುಳಿದಿಲ್ಲವಾದ್ದರಿಂದ ಶುಭ್ರವಾಗಿಯೇ ಇರುತ್ತವೆಂಬ ಭರವಸೆಯಿಂದ, ದೂರದಿಂದಲೇ ನಮಸ್ಕಾರಗಳು. ಯಜಮಾನರನ್ನು ಬ್ಯಾಂಕಿನವರು ವರ್ಗ ಮಾಡಿದ್ದರಿಂದ ವಿಜಯವಾಡಕ್ಕೆ ಬಂದ ನಾನು ತೆಲುಗಿನಲ್ಲಿ ಜಗಳವಾಡಲು ಕಲಿತಿದ್ದೇನೆ. ಮರ್ಯಾದೆಯಾಗಿ ಬರೆಯಲು ಮಾತ್ರ ಇನ್ನೂ ಕನ್ನಡವೇ ಬೇಕು. ಆದ್ದರಿಂದ ಈ ಪತ್ರ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ.

ಪ್ರತಿ ಮನೆಯ ಕಸವನ್ನು ಒಮ್ಮೆ ತೂಗಿ, ತಿಂಗಳು ಬಿಟ್ಟು ಮತ್ತೆ ತೂಗಿ, ಅರ್ಧಕ್ಕೆ ಇಳಿಸಿದವರ ಕೊರಳಿಗೆ ಹಾರ, ಇಳಿಸದವರ ಗೇಟಿಗೆ ಕೆಂಪು ಬಣ್ಣ ಎಂಬ ತಮ್ಮ ಯೋಜನೆಯನ್ನು ಮೆಚ್ಚದವರು ಯಾರು? ಎದುರುಮನೆಯ ಕೋಟೇಶ್ವರಮ್ಮನವರ ಕಸವನ್ನು ತಾವು ಮೊದಲು ತೂಗಿಸಿದ್ದು ಅವರ ಮಗಳ ಮದುವೆಯ ಮರುದಿನ. ಉಂಡೆದ್ದ ಬಾಳೆಲೆಗಳು ತಳ್ಳುಗಾಡಿಯಲ್ಲಿ ಹಿಡಿಸಲಿಲ್ಲ. ಮರುತಿಂಗಳು ಆ ತಾಯಿ ಇನ್ನೊಂದು ಮದುವೆ ಮಾಡದೆ ಸುಮ್ಮನಿದ್ದರು, ಅಷ್ಟಕ್ಕೇ ಹಾರ ಬಿತ್ತು.

ನಮ್ಮ ಮನೆಯ ಅಪರಾಧವೆಂದರೆ ನಮ್ಮ ಅತ್ತೆಯವರು. ಹೀರೆಕಾಯಿ ಸಿಪ್ಪೆಯ ಪಚ್ಚಡಿ ಈ ಊರಿನವರಿಗೂ ಗೊತ್ತು. ಆದರೆ ಇವರು ಕಲ್ಲಂಗಡಿಯ ಬಿಳಿ ತಿರುಳನ್ನು ದೋಸೆಗೆ ರುಬ್ಬುತ್ತಾರೆ, ಬಾಳೆಕಾಯಿ ಸಿಪ್ಪೆಯನ್ನು ಪಲ್ಯ ಮಾಡುತ್ತಾರೆ, ಹಲಸಿನ ಬೀಜವನ್ನು ಸಾರಿಗೆ ಹಾಕುತ್ತಾರೆ, ತೆಂಗಿನ ನಾರಿನಲ್ಲಿ ಪಾತ್ರೆ ಉಜ್ಜುತ್ತಾರೆ. ಎರಡು ಸಲವೂ ನಮ್ಮ ಬುಟ್ಟಿಯಲ್ಲಿ ಸಿಕ್ಕಿದ್ದು ಗುಡಿಸಿದ ಧೂಳು ಮಾತ್ರ. ತಮ್ಮ ಇನ್‌ಸ್ಪೆಕ್ಟರ್ ಸತ್ಯಮೂರ್ತಿಗಾರು ತಕ್ಕಡಿ ನೋಡಿ, "ತಗ್ಗಲೇದಮ್ಮಾ" ಎಂದು, ಅಂದರೆ ಇಳಿಯಲಿಲ್ಲವೆಂದು, ಬಹಳ ಕನಿಕರದಿಂದಲೇ ಗೇಟಿಗೆ ಬಣ್ಣ ಬಳಿಸಿದರು.

ಮನೆಯ ಮಾಲೀಕರಾದ ದುರ್ಗಾಪ್ರಸಾದ್‌ಗಾರು ಕೆಂಪು ಗೇಟು ನೋಡಿ, ಬೀದಿಯಲ್ಲಿ ತಲೆಯೆತ್ತಿ ತಿರುಗುವಂತಿಲ್ಲ, ಆಷಾಢಕ್ಕೆ ಮುಂಚೆಯೇ ಖಾಲಿ ಮಾಡಿ ಎಂದಿದ್ದಾರೆ. ಮಗಳ ಹತ್ತನೇ ತರಗತಿ ಈಗಷ್ಟೇ ಶುರುವಾಗಿದೆ, ಶಾಲೆ ಇದೇ ಬೀದಿಯಲ್ಲಿದೆ. ನನಗೆ ಸಿಟ್ಟೂ ಬರುತ್ತಿದೆ, ಭಯವೂ ಆಗುತ್ತಿದೆ.

ಆದಕಾರಣ ಪ್ರಾರ್ಥನೆ ಏನೆಂದರೆ, ನಾವು ತಿಂದ ಸಿಪ್ಪೆ, ಬೀಜ, ತಿರುಳುಗಳನ್ನೆಲ್ಲ ಹಿಂದಿನ ತಾರೀಖಿನಿಂದ ಜಾರಿಗೆ ಬರುವಂತೆ ಕಸವೆಂದು ಪರಿಗಣಿಸಬೇಕು. ಅದಾಗದಿದ್ದರೆ ಕೋಟೇಶ್ವರಮ್ಮನವರ ಎಂಜಲೆಲೆಗಳಲ್ಲಿ ಒಂದು ಪಾಲನ್ನಾದರೂ ನಮ್ಮ ಹೆಸರಿಗೆ ಬರೆದುಕೊಡಬೇಕು. ಅದೂ ಆಗದಿದ್ದರೆ, ಮೊದಲ ತೂಕಕ್ಕೆ ಮುನ್ನ ಪ್ರತಿ ಮನೆಗೂ ನಗರಸಭೆಯ ವತಿಯಿಂದ ಒಂದೊಂದು ಮದುವೆ ಮಂಜೂರು ಮಾಡಬೇಕು. ಊಟದ ಖರ್ಚು ತಮ್ಮದು, ಎಲೆ ಬಿಸಾಡುವ ಶ್ರಮ ನಮ್ಮದು.

ತಮ್ಮ ವಿಶ್ವಾಸಿ, ಹಾಗೂ ಆಷಾಢದವರೆಗೆ ತಮ್ಮ ನಗರವಾಸಿ,
ಕಮಲಾಕ್ಷಿ ವೆಂಕಟರಮಣ
ಪಟಮಟ, ಜೂನ್ 1993

ವಿ.ಸೂ.: ಪತ್ರ ಅಚ್ಚಿಗೆ ಹೋಗುವ ಮುನ್ನ ಸತ್ಯಮೂರ್ತಿಗಾರೇ ದಾರಿ ತೋರಿಸಿದರು: ಚೆನ್ನಾಗಿ ಕಸ ಮಾಡಿ, ಹೊಸದಾಗಿ ತೂಗಿಸಿ, ಅದನ್ನೇ ನಿಮ್ಮ ಮೊದಲ ತೂಕವೆಂದು ಬರೆದುಕೊಳ್ಳುತ್ತೇನೆ. ಮಾಡಿದೆವು. ಸಿಪ್ಪೆ, ಬೀಜ, ನಾರು ಎಲ್ಲ ಬುಟ್ಟಿಗೆ ಹೋಯಿತು. ಗೇಟಿನ ಬಣ್ಣ ಅಳಿಸಿದರು, ಮಾಲೀಕರು ನಕ್ಕರು, ಮನೆ ಉಳಿಯಿತು. ಮುಂದಿನ ತೂಕಕ್ಕೆ ಅರ್ಧ ಸಿಪ್ಪೆಯನ್ನು ತಿಂದು ನಾವೂ ಹಾರ ಹಾಕಿಸಿಕೊಳ್ಳುತ್ತೇವೆ. ಇನ್ನರ್ಧವನ್ನು ಮಾತ್ರ ಮುಟ್ಟಬೇಡಿ ಎಂದು ಅತ್ತೆಯವರಿಗೆ ಕೈಮುಗಿದು ಹೇಳಿದ್ದೇನೆ: ಅದನ್ನೂ ತಿಂದುಬಿಟ್ಟರೆ ಆಮೇಲಿನ ತೂಕಕ್ಕೆ ಇಳಿಸಲು ಕಸವೇ ಉಳಿಯದೆ ಮತ್ತೆ ಬಾಡಿಗೆ ಮನೆ ಹುಡುಕಬೇಕು.