ಅರ್ಧ ಹಾಡಿನ ಪ್ಲೇಟುಗಳು

ದುಡಿಯುವ ಗಂಡಸಿಗೆ ಒಂದು ಹುಚ್ಚು ಇರಲಿ ಎಂದು ಲೋಕ ಒಪ್ಪುತ್ತದೆ. ಆದರೆ ಯಾವ ಹುಚ್ಚು ಎಂಬುದನ್ನು ಮಾತ್ರ ಲೋಕವೇ ಆರಿಸುತ್ತದೆ. ಇಸ್ಪೀಟು ಆಡಿದರೆ ‘ಪಾಪ, ದಣಿದಿರ್ತಾನ’ ಎನ್ನುತ್ತಾರೆ. ಗುಟ್ಕಾ ಜಗಿದು ಓಣಿಯ ಗೋಡೆಗಳನ್ನೆಲ್ಲ ಕೆಂಪು ಮಾಡಿದರೂ ಗಂಡಸಲ್ಲವೇ ಎಂದು ಸುಮ್ಮನಾಗುತ್ತಾರೆ. ನಾನು ಹಳೇ ಗ್ರಾಮಫೋನ್ ಪ್ಲೇಟು ಕೂಡಿಡುತ್ತೇನೆ ಎಂದರೆ ಮಾತ್ರ ಎದುರಿಗಿದ್ದವರು ನನ್ನ ಹೆಂಡತಿಯ ಕಡೆ ತಿರುಗಿ ಕನಿಕರದಿಂದ ನೋಡುತ್ತಾರೆ. ಅವೂ ಸ್ಯಾಂಪಲ್ ಪ್ಲೇಟುಗಳು ಎಂದು ಗೊತ್ತಾದ ಮೇಲಂತೂ ಮತ್ತೆ ನನ್ನ ಕಡೆ ತಿರುಗುವುದೇ ಇಲ್ಲ.

ಸ್ಯಾಂಪಲ್ ಪ್ಲೇಟು ಎಂದರೆ ಇಷ್ಟೇ. ಹಿಂದೆ ಹೊಸ ಹಾಡುಗಳು ಬಂದಾಗ ರೆಕಾರ್ಡ್ ಕಂಪನಿಯವರು ಅಂಗಡಿಗಳಿಗೆ ಪುಕ್ಕಟೆಯಾಗಿ ಒಂದು ಪ್ಲೇಟು ಕಳಿಸುತ್ತಿದ್ದರು. ಅದರಲ್ಲಿ ಹತ್ತಾರು ಹಾಡುಗಳ ತುಣುಕು. ಹಾಡು ಇನ್ನೇನು ಮೇಲೇರಬೇಕು, ಅಷ್ಟರಲ್ಲಿ ಒಬ್ಬ ಗಂಡಸು ನಡುವೆ ನುಗ್ಗಿ, ‘ಪೂರ್ತಿ ಹಾಡಿಗಾಗಿ ಇಂದೇ ರೆಕಾರ್ಡ್ ಕೊಳ್ಳಿರಿ’ ಎಂದು ಗಂಭೀರವಾಗಿ ಹೇಳುತ್ತಾನೆ. ನಡುವಿನ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ‘ಮಾರಾಟಕ್ಕಲ್ಲ’ ಎಂಬ ಮುದ್ರೆ. ಏಳನೇ ಕ್ಲಾಸಿಗೇ ಸಾಲಿ ಬಿಟ್ಟ ನಾನು ತಡವರಿಸದೆ ಓದುವ ಇಂಗ್ಲಿಷ್ ಅದೊಂದೇ. ಕಬ್ಬಿಣದ ಅದಿರಿಗಾಗಿ ಗುಡ್ಡ, ಗುಡ್ಡದ ಮಣ್ಣು, ಮಣ್ಣಿನ ಧೂಳು ಎಲ್ಲವೂ ಲಾರಿ ಏರಿ ಹಡಗು ಹತ್ತುತ್ತಿದ್ದ ಆ ವರ್ಷಗಳಲ್ಲಿ, ಮಾರಾಟಕ್ಕಲ್ಲ ಎಂದು ಎದೆಯುಬ್ಬಿಸಿ ಹೇಳುವ ವಸ್ತು ಇಡೀ ಹೊಸಪೇಟೆಯಲ್ಲಿ ನನ್ನ ಕಪಾಟಿನಲ್ಲಿ ಮಾತ್ರ ಇತ್ತು. ಅದನ್ನು ನೀವು ದುಡ್ಡು ಕೊಟ್ಟೇ ತಂದದ್ದಲ್ಲವೇ ಎಂದು ಹೆಂಡತಿ ಗಿರಿಜಾ ಕೇಳುತ್ತಿದ್ದಳು. ಹೆಂಗಸರಿಗೆ ಕೆಲವು ಸೂಕ್ಷ್ಮಗಳು ತಿಳಿಯುವುದಿಲ್ಲ.

ನನ್ನ ಬೆಲೆ ತಿಳಿದವನು ಒಬ್ಬನೇ ಒಬ್ಬ. ಹಂಪಿಯಲ್ಲಿ ಇಳಿದುಕೊಂಡಿದ್ದ ಒಬ್ಬ ಬಿಳಿಯ, ನನ್ನ ಶೆಡ್ಡಿಗೆ ಬೈಕಿನ ಸ್ಟ್ಯಾಂಡ್ ಬೆಸುಗೆ ಹಾಕಿಸಲು ಬಂದವನು, ನನ್ನ ಪ್ಲೇಟುಗಳನ್ನು ಕಂಡು ನನ್ನನ್ನು ಅಪ್ಪಿಕೊಂಡುಬಿಟ್ಟ. ಅವರ ದೇಶದಲ್ಲೂ ಇಂಥವನ್ನು ಹುಡುಕುತ್ತಾ ಅಲೆಯುವವರಿದ್ದಾರಂತೆ. ಅದನ್ನು ಮನೆಯಲ್ಲಿ ಹೇಳಿದರೆ, ‘ಅಂವಗ ಲಗ್ನ ಆಗೇತೇನು ಕೇಳಿದ್ರ್ಯಾ?’ ಎಂದಳು. ಕೇಳಿರಲಿಲ್ಲ.

ನನ್ನ ಕೆಲಸ ಲಾರಿಗಳ ಪಟ್ಟಿ ಕಟ್ಟುವುದು. ಲಾರಿಯ ಕೆಳಗೆ ಒಂದರ ಮೇಲೊಂದು ಬಾಗಿ ಕೂತಿರುತ್ತವಲ್ಲ, ಕುಲುಕಾಟ ತಡೆಯುವ ಆ ಉಕ್ಕಿನ ಪಟ್ಟಿಗಳು. ಸಂಡೂರು ರಸ್ತೆಯಲ್ಲಿ ಮುಂದೆ ಶೆಡ್ಡು, ಹಿಂದೆ ಮನೆ. ಅದಿರಿನ ಕಾಲದಲ್ಲಿ ನನಗೆ ಊಟಕ್ಕೂ ಪುರುಸೊತ್ತಿರಲಿಲ್ಲ. ಪಟ್ಟಿ ವೀರಣ್ಣ ಕಟ್ಟಿದ ಗಾಡಿ ಎಂದರೆ ಡ್ರೈವರುಗಳು ಕಣ್ಣು ಮುಚ್ಚಿ ಲೋಡು ಹೇರುತ್ತಿದ್ದರು. ಆದರೆ ಅನ್ನ ಹಾಕುವ ಆ ಲಾರಿಗಳೇ ನನ್ನ ಪ್ಲೇಟುಗಳಿಗೆ ಶನಿ. ಲೋಡಾದ ಗಾಡಿ ಮನೆ ಮುಂದೆ ಹಾದರೆ ನೆಲ ಗದಗದ ನಡುಗಿ, ಪ್ಲೇಯರಿನ ಮುಳ್ಳು ಕಪ್ಪೆಯಂತೆ ನೆಗೆದು ಪ್ಲೇಟಿನ ಆಚೆ ತುದಿಗೆ ಬೀಳುತ್ತಿತ್ತು. ಗಾಡಿಗಳಿಗೋ ಹಗಲಿಲ್ಲ, ರಾತ್ರಿಯಿಲ್ಲ.

ಕಂಪ್ಲಿಯ ಮೈಕ್ ಸೆಟ್ ಅಂಗಡಿಯೊಂದರ ಅಟ್ಟದಲ್ಲಿ ಸಿಕ್ಕ ಒಂದು ಪ್ಲೇಟು ಮಾತ್ರ ಬೇರೆ ಜಾತಿಯದು. ಕಂಪನಿಯವರು ಮೈಮರೆತಿದ್ದರೋ ಏನೋ, ಅದರ ಕೊನೆಯಲ್ಲಿ ಒಂದು ಹಾಡು ಪೂರ್ತಿ ಇತ್ತು. ಸಂಜೆ ಹೊತ್ತು, ಹೊಳೆಯ ಈಚೆ ದಂಡೆಯಲ್ಲಿ ನಿಂತ ಒಬ್ಬ ಹುಡುಗಿ ಆಚೆ ದಂಡೆಯ ಅಂಬಿಗನನ್ನು ಹರಿಗೋಲು ತಾರೋ ಎಂದು ಕರೆಯುತ್ತಾಳೆ. ಮೊದಲ ನುಡಿಯಲ್ಲಿ ಕರೆಯುತ್ತಾಳೆ. ಎರಡನೆಯದರಲ್ಲಿ ಬೇಡಿಕೊಳ್ಳುತ್ತಾಳೆ. ಮೂರನೆಯದರಲ್ಲಿ ಏನಾಗುತ್ತದೆ ಎಂಬುದು ಗೊತ್ತಾಗುವ ಮೊದಲೇ ಒಂದು ಲಾರಿ ಬರುತ್ತದೆ. ಪ್ಲೇಟನ್ನು ಹೊತ್ತುಕೊಂಡು ಹೋಗಿ ಬೇರೆಯವರ ಮನೆಯಲ್ಲಿ ಕೇಳುವಷ್ಟು ನಾನೇನು ಗತಿಗೆಟ್ಟಿರಲಿಲ್ಲ.

ಕೊನೆಗೆ ಗಿರಿಜಾಳ ತಾಳ್ಮೆಯೇ ಹರಿಯಿತು. ‘ರೀ, ದರೋಜಿ ಕರಡಿ ಹಂಗ ಮೂಲ್ಯಾಗ ಕುಂತು ಅರ್ಧರ್ಧ ಹಾಡು ಕೇಳ್ತೀರಲ್ಲ, ಕೇಳಿ ಕೇಳಿ ನನ್ನ ತಲಿ ಕೆಟ್ಟೈತಿ. ಐತ್ವಾರ ನಮ್ಮಕ್ಕ, ಮಾಮಾ ಬರ್ತಾರ. ಅವರ ಮುಂದ ಒಂದು ಹಾಡು, ಒಂದಽ ಒಂದು, ಕೊನೀತನಕ ಕೇಳಿಸ್ರಿ. ಆಗಲಿಲ್ಲಾ, ಆ ಕಪಾಟು ಖಾಲಿ ಮಾಡ್ರಿ. ನನ್ನ ಹಪ್ಪಳದ ಡಬ್ಬಿ ಇಡಾಕ ಜಾಗ ಇಲ್ಲ.’

ಮಾಮಾ ಎಂದರೆ ನನ್ನ ಷಡ್ಡಕ ಮಲ್ಲಣ್ಣ. ಸಂಡೂರಿನಲ್ಲಿ ಟಿಪ್ಪರುಗಳನ್ನು ಓಡಿಸಿ ದೊಡ್ಡವನಾದವನು. ಅವನ ಮುಂದೆ ಸೋಲುವುದು ನನ್ನ ಜಾಯಮಾನದಲ್ಲಿಲ್ಲ. ನಡುಕ ಅಡಗಿಸುವ ವಿದ್ಯೆ ನನ್ನ ಕೈಯಲ್ಲೇ ಇರುವಾಗ ಹೆದರಿಕೆ ಏಕೆ? ಶೆಡ್ಡಿನಿಂದ ಲಾರಿಯ ಒಂದು ಸೆಟ್ ಪಟ್ಟಿ ತಂದು, ಪಡಸಾಲೆಯಲ್ಲಿ ಕೂಡಿಸಿ, ಮೇಲೆ ಹಲಗೆ ಬಿಗಿದು, ಅದರ ಮೇಲೆ ಪ್ಲೇಯರ್ ಇಟ್ಟೆ. ಟನ್ನುಗಟ್ಟಲೆ ಅದಿರಿನ ಕುಲುಕಾಟ ನುಂಗುವ ಪಟ್ಟಿಗೆ ಈ ನಡುಕ ಯಾವ ಲೆಕ್ಕ!

ಮೊದಲ ಲಾರಿಗೇ ಪ್ಲೇಯರು ಹಲಗೆಯ ಮೇಲಿಂದ ಕೆಳಗಿಳಿಯಲು ಹೊರಟಿತು. ಖಾಲಿ ಗಾಡಿಯೇ ಹೆಚ್ಚು ಕುಣಿಯುತ್ತದೆ, ಪಟ್ಟಿ ಬಾಗಬೇಕಾದರೆ ಮೇಲೆ ಭಾರ ಬೇಕು ಎಂದು ದಿನವೂ ಡ್ರೈವರುಗಳಿಗೆ ಪಾಠ ಹೇಳುವವನು ನಾನೇ. ಸರಿ, ಭಾರ ಹೇರಿದೆ. ಅದಿರಿನ ಗಡ್ಡೆಗಳನ್ನು ಚೀಲಗಟ್ಟಲೆ ಒಳಗೆ ಹೊತ್ತೆ. ಊರೆಲ್ಲ ಅದಿರನ್ನು ಹೊರಗೆ ಸಾಗಿಸುತ್ತಿದ್ದಾಗ ಮನೆಯೊಳಗೆ ಸಾಗಿಸಿದವನು ನಾನೊಬ್ಬನೇ. ಪಟ್ಟಿ ಕೂದಲೆಳೆಯಷ್ಟೂ ಬಾಗಲಿಲ್ಲ, ಪಡಸಾಲೆಯ ಕಡಪಾ ಕಲ್ಲು ಮಾತ್ರ ಬಿರುಕು ಬಿಟ್ಟಿತು.

ಐತವಾರ ಬಂತು. ಹೋಳಿಗೆ ಊಟ ಮುಗಿಸಿದ ಮಲ್ಲಣ್ಣ ಅದಿರಿನ ರಾಶಿಯ ಮೇಲೆ ಕೂತ ಪ್ಲೇಯರನ್ನು ನೋಡಿ, ‘ಏನ್ರಿ ವೀರಣ್ಣಾರ, ಇದಕ್ಕ ಪರ್ಮಿಟ್ ತಗೊಂಡೀರೇನು?’ ಎಂದ. ಅಕ್ಕ ತಂಗಿ ಇಬ್ಬರೂ ಸೆರಗು ಬಾಯಿಗೆ ಹಿಡಿದರು. ಗಿರಿಜಾ ಹಪ್ಪಳದ ಡಬ್ಬಿಗಳನ್ನು ಆಗಲೇ ಒರೆಸಿ ಕಪಾಟಿನ ಪಕ್ಕ ಸಾಲಾಗಿ ಇಟ್ಟಿದ್ದಳು.

ಆಗ ಇದ್ದಕ್ಕಿದ್ದಂತೆ ರಸ್ತೆ ಮೌನವಾಯಿತು. ಗಾಡಿಯ ಓಡಾಟವಿಲ್ಲ, ನೆಲದ ನಡುಕವಿಲ್ಲ. ವರ್ಷಗಳಿಂದ ಕೇಳದಿದ್ದ ಗುಬ್ಬಿಯ ಸದ್ದು ಕೇಳಿಸಿತು. ‘ಅಯ್ಯ, ಏನಾತ್ರಿ ಊರಿಗೆ?’ ಎಂದು ಗಿರಿಜಾ ಗಾಬರಿಯಾದಳು. ಏನಾದರೂ ಆಗಲಿ ಎಂದು ಓಡಿ ಮುಳ್ಳು ಇಟ್ಟೆ. ಹುಡುಗಿ ಅಂಬಿಗನನ್ನು ಕರೆದಳು. ಮುಳ್ಳು ಅಲುಗಲಿಲ್ಲ. ಬೇಡಿಕೊಳ್ಳತೊಡಗಿದಳು. ಮಲ್ಲಣ್ಣನ ಮುಖದ ನಗೆ ಮಾಯವಾಗಿ ಕಿವಿ ಮುಂದೆ ಬಂತು.

‘ಮೇಸ್ತ್ರಿ! ಓ ಮೇಸ್ತ್ರಿ!’ ಬಾಗಿಲಲ್ಲಿ ಕೆಂಪು ಧೂಳು ಮೆತ್ತಿದ ಡ್ರೈವರ್. ‘ಪಟ್ಟಿ ಮುರದು ಗಾಡಿ ರೋಡಿಗೆ ಅಡ್ಡ ನಿಂತೈತಿ. ಎರಡೂ ಕಡೆ ಫುಲ್ ಜಾಮ್. ಜಲ್ದಿ ಬರ್ರಿ!’

‘ಒಂದು ನಿಮಿಷ ತಡಿಯೋ, ಹಾಡು ಮುಗೀಲಿ.’

‘ಹಾಡಾ? ಊರಾಚೀತನಕ ಗಾಡಿ ನಿಂತಾವ, ಹಾಡು ಅಂತೀರಲ್ರಿ! ಆತು ಬಿಡ್ರಿ, ನಿಮಗ ಆಗಲ್ಲಾಂದ್ರ ಆ ಕಡೆ ಶೆಡ್ಡಿನ ಮೇಸ್ತ್ರೀನ ಕರೀತೀನಿ.’

ಆ ಕಡೆ ಶೆಡ್ಡಿನ ಮೇಸ್ತ್ರಿ! ಪಟ್ಟಿ ಕಾಯಿಸುವುದಕ್ಕೂ ಕಾವಲಿ ಕಾಯಿಸುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದವನು, ನನ್ನ ಮನೆಯ ಮುಂದೆ, ನನ್ನ ಷಡ್ಡಕ ನೋಡುತ್ತಿರುವಾಗ, ಸುತ್ತಿಗೆ ಎತ್ತುವುದೇ? ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹಾರಿದೆ.

ಜಾಕು ಕೊಟ್ಟು, ಬೋಲ್ಟು ಬಿಚ್ಚಿ, ಮುರಿದ ಪಟ್ಟಿ ಕಿತ್ತು ಹೊಸದು ಕೂಡಿಸುವಷ್ಟು ಹೊತ್ತೂ ನಾನು ಲಾರಿಯ ಹೊಟ್ಟೆಯ ಕೆಳಗೆ. ಕಿವಿ ಮನೆಯ ಕಡೆಗೇ ಇತ್ತು. ಕೇಳಿಸಿದ್ದು ನನ್ನ ಸುತ್ತಿಗೆ ಮಾತ್ರ. ಒಮ್ಮೆ ತಲೆ ಹೊರಗೆ ಹಾಕಿ ನೋಡಿದರೆ, ಜಾಮಿನಲ್ಲಿ ಸಿಕ್ಕಿದ್ದ ಡ್ರೈವರು, ಕ್ಲೀನರುಗಳೆಲ್ಲ ನಮ್ಮ ಕಿಟಕಿಗೆ ಮುತ್ತಿಕೊಂಡಿದ್ದಾರೆ. ‘ಅಮ್ಮಾರ, ಇನ್ನೊಮ್ಮೆ ಹಚ್ರಿ!’ ಎಂದು ಯಾರೋ ಕೂಗಿದರು. ಮತ್ತೆ ಹಚ್ಚಿದರು. ನಾನು ಬೋಲ್ಟು ಬಿಗಿದೆ.

ಗ್ರೀಸ್ ಕೈಯಲ್ಲೇ ಒಳಗೆ ಬರುವ ಹೊತ್ತಿಗೆ ರಸ್ತೆ ತೆರವಾಗಿ, ಗಾಡಿಗಳು ಮತ್ತೆ ನೆಲ ನಡುಗಿಸುತ್ತಿದ್ದವು. ಹಪ್ಪಳದ ಡಬ್ಬಿಗಳು ಅಡುಗೆಮನೆಗೆ ವಾಪಸು ಹೋಗಿದ್ದವು. ಮಲ್ಲಣ್ಣ ಕಣ್ಣೊರೆಸಿಕೊಳ್ಳುತ್ತಾ, ‘ಮಸ್ತ್ ಐತಿ ಬಿಡ್ರಿ ವೀರಣ್ಣಾರ. ಆ ಮೂರನೇ ನುಡಿ ಐತಲ್ಲ...’ ಎಂದು ಮುಂದೆ ಹೇಳಲಾರದೆ ಕೈಯಾಡಿಸಿದ.

‘ಅಂಬಿಗ ಬಂದ್ನೇನು?’ ಎಂದು ಗಿರಿಜಾಳನ್ನು ಕೇಳಿದೆ.

ಅವಳು ತಟ್ಟೆ ಎತ್ತುತ್ತಿದ್ದವಳು ನಿಂತಳು. ಗಂಟಲು ಸರಿ ಮಾಡಿಕೊಂಡು, ದಪ್ಪ ದನಿಯಲ್ಲಿ ಹೇಳಿದಳು: ‘ಪೂರ್ತಿ ಹಾಡಿಗಾಗಿ ಇಂದೇ ರೆಕಾರ್ಡ್ ಕೊಳ್ಳಿರಿ.’